ಹಸಿರು ನೀರಿನ ತೊಟ್ಟಿ

ಜೂನ್ ೩೦

ಪ್ರೀತಿಯ ಮರಿಗೆ,

ನಾನು ಇಲ್ಲಿಗೆ ಬಂದ ಮೇಲೆ ಫೋನಿನಲ್ಲಿ ಎರಡು ಸಲ ಮಾತಾಡಿದೆವು, ಎರಡು ಸಲವೂ ಜಗಳವಾಯಿತು. ಅದಕ್ಕೇ ಇನ್ನು ಮುಂದೆ ಬರೆಯುತ್ತೇನೆ. ಕಾಗದದ ಮೇಲೆ ನೀನು ನಡುವೆ ಬಾಯಿ ಹಾಕಲು ಆಗುವುದಿಲ್ಲ.

ಹಾಸ್ಟೆಲಿನ ಕೋಣೆ ನಮ್ಮ ಅಡುಗೆಮನೆಗಿಂತ ಚಿಕ್ಕದು. ಆದರೆ ಅದರಲ್ಲೊಂದು ಮೇಜಿದೆ, ಅದು ನನ್ನೊಬ್ಬಳದೇ. ಜೊತೆಗಿರುವ ಹುಡುಗಿ ನಿನಗಿಂತ ಚಿಕ್ಕವಳು. ಮೊದಲ ದಿನ ನನ್ನನ್ನು ನೋಡಿ ವಾರ್ಡನ್ ಎಂದುಕೊಂಡು ದಡಬಡ ಎದ್ದು ನಿಂತಳು. ಆಮೇಲೆ, "ಆಂಟಿ, ಮಗಳನ್ನ ಬಿಟ್ಟುಹೋಗೋಕೆ ಬಂದ್ರಾ?" ಎಂದಳು. "ಮಗಳನ್ನ ಮನೇಲೇ ಬಿಟ್ಟು ಬಂದಿದೀನಮ್ಮ, ಓದೋಕೆ ಬಂದಿರೋದು ನಾನು" ಎಂದೆ. ಪಾಪ, ಅವತ್ತಿನಿಂದ ಹಾಡನ್ನು ಸಣ್ಣಗೆ ಇಟ್ಟುಕೊಂಡು ಕೇಳುತ್ತಾಳೆ.

ಇಷ್ಟು ವರ್ಷ ಶಾಲೆಯಲ್ಲಿ ರಸಾಯನಶಾಸ್ತ್ರ ಹೇಳಿಕೊಟ್ಟವಳು ಎಂಬ ನನ್ನ ಜಂಬ ಲ್ಯಾಬಿನಲ್ಲಿ ಒಂದೇ ವಾರಕ್ಕೆ ಇಳಿಯಿತು. ನನ್ನ ಗೈಡ್ ಮೇಡಂ ನನಗಿಂತ ಹತ್ತು ವರ್ಷ ಚಿಕ್ಕವರು. ಕಡಿಮೆ ಮಾತು. ನನಗೆ ಅವರು ಕೊಟ್ಟಿರುವುದು ಕ್ರೋಮಿಯಂ ಕ್ಲೋರೈಡ್. "ಮೊದ್ಲು ನಿಮ್ಮ ಕೈಯಾರೆ ಮಾಡಿ, ಆಮೇಲೆ ಅದರ ಬಗ್ಗೆ ಮಾತಾಡೋಣ" ಎಂದರು.

ಮಾಡುವ ಬಗೆ ಹೀಗೆ. ಶಾಖ ತಡೆಯುವ ಗಾಜಿನ ಉದ್ದನೆಯ ಕೊಳವೆಯಲ್ಲಿ ಕ್ರೋಮಿಯಂ ಲೋಹದ ಪುಡಿ ಇಟ್ಟು, ಕೊಳವೆಯನ್ನು ಕುಲುಮೆಯೊಳಗೆ ತೂರಿಸಬೇಕು. ಒಳಗಿನ ಗಾಳಿಯನ್ನೆಲ್ಲ ಹೊರಗೆ ಓಡಿಸಿ, ಪುಡಿ ಕೆಂಪಗೆ ಕಾದ ಮೇಲೆ, ತೇವ ತೆಗೆದ ಕ್ಲೋರಿನ್ ಅನಿಲವನ್ನು ಮೆಲ್ಲಗೆ ಹಾಯಿಸಬೇಕು. ಮೊದಲ ಸಲ ಎಲ್ಲೋ ಒಂದು ರಬ್ಬರು ಸಡಿಲವಿತ್ತು, ಗಾಳಿ ನುಗ್ಗಿತು. ಕುಲುಮೆ ಆರಿಸಿ ನೋಡಿದರೆ ಒಳಗೆ ಬರೀ ಹಸಿರು ಬೂದಿ. ಕ್ರೋಮಿಯಂ ಕ್ಲೋರಿನ್ ಬದಲು ಆಮ್ಲಜನಕದ ಜೊತೆ ಸೇರಿಕೊಂಡುಬಿಟ್ಟಿತ್ತು. ಎರಡನೆಯ ಸಲವೂ ಕೈಕೊಟ್ಟಿತು. ಮೊನ್ನೆ ಮೂರನೆಯ ಸಲ ಕೊಳವೆಯ ತಣ್ಣನೆಯ ತುದಿಯಲ್ಲಿ ಏನೋ ಮಿನುಗಿತು. ತೆಳ್ಳನೆಯ ಹಾಳೆಗಳು, ಹೂವಿನ ಎಸಳಿನ ಹಾಗೆ, ನೇರಳೆ ಬಣ್ಣ. ನಾನು ಅಲ್ಲೇ ಸ್ಟೂಲಿನ ಮೇಲೆ ಕೂತುಬಿಟ್ಟೆ. ಮೇಡಂ ಬಂದು ನೋಡಿ, "ಪರವಾಗಿಲ್ಲ" ಎಂದರು. ಅವರ ಬಾಯಲ್ಲಿ ಅದು ದೊಡ್ಡ ಮಾತಂತೆ.

ನಿಮ್ಮಪ್ಪ ಹೇಗಿದ್ದಾರೆ?

ಇಂತಿ,
ಅಮ್ಮ


ಜುಲೈ ೧೨

ಅಮ್ಮಾ,

ನಿನಗೆ ಮೇಜು ಸಿಕ್ಕಿದ್ದು ಸಂತೋಷ. ನನಗೆ ಅಡುಗೆಮನೆ ಸಿಕ್ಕಿದೆ, ಪ್ಲೇಟಿಂಗ್ ಶೆಡ್ಡು ಸಿಕ್ಕಿದೆ, ಜೊತೆಗೆ ಅಪ್ಪ. ಮುಖ ಊದಿಸಿಕೊಂಡು ಬರೆಯುತ್ತಿದ್ದಾಳೆ ಎಂದು ನೀನು ಅಂದುಕೊಳ್ಳಬಹುದು. ಹೌದು, ಊದಿಸಿಕೊಂಡೇ ಬರೆಯುತ್ತಿದ್ದೇನೆ.

ಪತ್ರ ಬಂದಾಗ ಅಪ್ಪ ಲೋಹ ಉಜ್ಜಿ ಮಿರುಗಿಸುವ ಬಫಿಂಗ್ ಚಕ್ರದ ಮುಂದಿದ್ದ. "ಏನದು, ಕರೆಂಟ್ ಬಿಲ್ಲಾ?" ಎಂದ. "ಅಮ್ಮಂದು" ಎಂದೆ. "ಹೂಂ" ಎಂದ, ಅಷ್ಟೇ. ನಾನು ಓದಿ ಮೇಜಿನ ಮೇಲಿಟ್ಟು ಒಲೆ ಆರಿಸಲು ಹೋದೆ. ವಾಪಸು ಬಂದರೆ ಪತ್ರದ ಮೇಲೆ ಅಪ್ಪನ ಕನ್ನಡಕವಿತ್ತು. ಊಟಕ್ಕೆ ಕೂತಾಗ ಯಾರಿಗೋ ಹೇಳುವ ಹಾಗೆ ಗೋಡೆ ನೋಡಿಕೊಂಡು, "ನೇರಳೆಯಂತೆ! ಮೂವತ್ತು ವರ್ಷದಿಂದ ಕ್ರೋಮ್ ಜೊತೆ ಬಾಳ್ವೆ ಮಾಡ್ತಿದೀನಿ, ಒಂದಿನಾನೂ ನೇರಳೆ ಆಗ್ಲಿಲ್ಲ" ಎಂದ.

"ಬಾಳ್ವೆ ಮಾಡಿದ್ ಮಾತ್ರಕ್ಕೆ ಎಲ್ಲಾ ಬಣ್ಣನೂ ನೋಡ್ದಂಗಾಯ್ತಾ ಅಪ್ಪ?" ಎಂದೆ. ಎದ್ದು ಕೈತೊಳೆಯಲು ಹೋದ.

ನಲ್ಲಿ ಕಾರ್ಖಾನೆಯವರ ದೊಡ್ಡ ಕೆಲಸ ಬಂದಿದೆ. ಯಾವುದೋ ಹೊಸ ಆಸ್ಪತ್ರೆಗಂತೆ, ಹೊಳಪು ಹತ್ತಿಸಬೇಕಾದ ಗೋಣಿಗಟ್ಟಲೆ ನಲ್ಲಿಗಳು. ನಿಕಲ್ ತೊಟ್ಟಿ, ಆಮೇಲೆ ಕ್ರೋಮ್ ತೊಟ್ಟಿ, ಮತ್ತೆ ನಿಕಲ್, ಮತ್ತೆ ಕ್ರೋಮ್. ಹೊಗೆ ಎಳೆಯುವ ಫ್ಯಾನು ತಿರುಗುತ್ತದೆ, ಆದರೆ ಏನನ್ನೂ ಎಳೆಯುವುದಿಲ್ಲ. ಕ್ರೋಮ್ ತೊಟ್ಟಿಯ ಆ ಕೆಂಪು ನೀರಿನ ಮೇಲೆ ಏಳುವ ಹನಿಹೊಗೆ ಸಂಜೆಯ ಹೊತ್ತಿಗೆ ನಾಲಿಗೆಗೆ ತಗಲುತ್ತದೆ. ನಾಣ್ಯ ನೆಕ್ಕಿದ ಹಾಗೆ. ನಿನಗೆ ಗೊತ್ತಿರುವುದೇ.

ಒಂದು ಮಾತು ಕೇಳಬೇಕು. ಲೋಕದಲ್ಲಿ ಅಷ್ಟೊಂದು ಲೋಹಗಳಿವೆ. ನಮ್ಮ ಮನೆ ಬಿಟ್ಟು ಅಷ್ಟು ದೂರ ಹೋದವಳು ಮತ್ತೆ ಕ್ರೋಮಿಯಮ್ಮನ್ನೇ ಯಾಕೆ ಹಿಡಿದುಕೊಂಡೆ?

ಇಂತಿ,
ಮರಿ


ಆಗಸ್ಟ್ ೩

ಮರೀ,

ಮೇಡಂ ಹತ್ತಿರ ಕ್ರೋಮಿಯಂ ಇತ್ತು. ಅದಕ್ಕೆ ಹಿಡಿದುಕೊಂಡೆ.

ನನ್ನ ನೇರಳೆ ಹಾಳೆಗಳ ಒಳಗೆ ಏನಿದೆ ಎಂದು ಈಗ ತಿಳಿಯಿತು. ಕ್ಷಕಿರಣ ಹಾಯಿಸಿ ನೋಡುವ ಯಂತ್ರವೊಂದಿದೆ ಇಲ್ಲಿ. ಒಂದು ಕ್ಲೋರಿನ್ ಪದರ, ಅದರ ಮೇಲೆ ಕ್ರೋಮಿಯಂ, ಮೇಲೆ ಮತ್ತೆ ಕ್ಲೋರಿನ್. ಪ್ರತಿ ಕ್ರೋಮಿಯಮ್ಮಿನ ಸುತ್ತಲೂ ಆರು ಕ್ಲೋರಿನ್. ಇಂಥ ಮೂರರ ಕಟ್ಟುಗಳು ಒಂದರ ಮೇಲೊಂದು ಕೂತಿವೆ. ಕಟ್ಟಿನೊಳಗೆ ಹಿಡಿತ ಬಲು ಗಟ್ಟಿ, ಕಟ್ಟು ಕಟ್ಟುಗಳ ನಡುವೆ ಮಾತ್ರ ಸಡಿಲ. ಆದ್ದರಿಂದ ಬೆರಳಲ್ಲಿ ಉಜ್ಜಿದರೆ ಜಾರುತ್ತದೆ, ಎಸಳೆಸಳಾಗಿ ಬಿಡುತ್ತದೆ. (ಕೈಗವಸು ಹಾಕಿಕೊಂಡೇ ಉಜ್ಜಿದೆ, ಗಾಬರಿ ಬೇಡ.)

ಆಶ್ಚರ್ಯದ ಸಂಗತಿ ಇನ್ನೊಂದಿದೆ. ಉಪ್ಪಿನ ಜಾತಿಯದೇ ಆದರೂ ನೀರಿಗೆ ಹಾಕಿದರೆ ಕರಗುವುದಿಲ್ಲ. ಒಂದು ಬೀಕರಿನಲ್ಲಿ ಹಾಕಿಟ್ಟು ದಿನವೂ ಹೋಗಿ ಇಣುಕುತ್ತಿದ್ದೆ. ನೇರಳೆ ಹಾಳೆಗಳು ತಳದಲ್ಲಿ ತೆಪ್ಪಗೆ ಕೂತಿರುತ್ತಿದ್ದವು, ನೀರು ತಿಳಿಯಾಗೇ ಇರುತ್ತಿತ್ತು. ಕೊನೆಗೆ ಮೇಡಂ, "ಒಂದು ಹನಿ ಆಸಿಡ್, ಒಂದು ಚಿಟಿಕೆ ಸತುವಿನ ಪುಡಿ ಹಾಕಿ" ಎಂದರು. ಹಾಕಿದೆ. ನೋಡ ನೋಡುತ್ತ ನೀರು ಗಾಢ ಹಸಿರಾಯಿತು, ತಳದಲ್ಲಿ ಒಂದು ಹಾಳೆಯೂ ಉಳಿಯಲಿಲ್ಲ! ಎಲ್ಲವನ್ನೂ ಸತುವೇ ಕರಗಿಸಿದ್ದಲ್ಲ. ಎಲ್ಲೋ ಒಂದೆರಡು ಕ್ರೋಮಿಯಂಗೆ ಒಂದು ಎಲೆಕ್ಟ್ರಾನ್ ಕೊಟ್ಟಿತು, ಅವು ಪಕ್ಕದವಕ್ಕೆ ದಾಟಿಸಿದವು, ಪಕ್ಕದವು ಅದರಾಚೆಯವಕ್ಕೆ.

ಆ ಹಸಿರು ನೀರಿಗೆ ಸಿಲ್ವರ್ ನೈಟ್ರೇಟ್ ಬಿಟ್ಟರೆ ಮೂರು ಕ್ಲೋರಿನ್‌ಗಳಲ್ಲಿ ಒಂದು ಮಾತ್ರ ಬಿಳಿ ಮೊಸರಿನಂತೆ ಕೆಳಗೆ ಕೂರುತ್ತದೆ. ಉಳಿದೆರಡು ಕ್ರೋಮಿಯಮ್ಮಿಗೆ ಅಂಟಿಕೊಂಡೇ ಇರುತ್ತವೆ. ತಿಂಗಳು ಬಿಟ್ಟು ನೋಡಿದರೆ ನೀರು ಒಂದೊಂದಾಗಿ ಅವನ್ನೂ ಹೊರಗೆ ತಳ್ಳಿ ತಾನು ಆ ಜಾಗದಲ್ಲಿ ಕೂತಿರುತ್ತದೆ, ಆಗ ಬಣ್ಣ ನೇರಳೆಯ ಕಡೆ ತಿರುಗುತ್ತದೆ. ಸಾಮಾನು ಅದೇ, ಜೋಡಣೆ ಬೇರೆ.

ನಿಮ್ಮಪ್ಪನ ಕರವಸ್ತ್ರ ಈಗ ನೀನೇ ಒಗೆಯುತ್ತೀಯಲ್ಲ. ಅದರಲ್ಲಿ ರಕ್ತದ ಕಲೆ ಇದ್ದರೆ ನನಗೆ ಬರೆ. ಮೂಗಿನಲ್ಲಿ ರಕ್ತ ಬಂದರೆ ನನ್ನ ಹತ್ತಿರ ಸೆಖೆ ಎನ್ನುತ್ತಿದ್ದರು. ಚಳಿಗಾಲದಲ್ಲೂ ಸೆಖೆಯೇ ಎನ್ನುತ್ತಿದ್ದರು.

ಇಂತಿ,
ಅಮ್ಮ


ಸೆಪ್ಟೆಂಬರ್ ೯

ಅಮ್ಮಾ,

ಕಲೆ ಇತ್ತು.

ಡಾಕ್ಟರ ಹತ್ತಿರ ಹೋಗೋಣ ಎಂದರೆ ಬರುತ್ತಾನೆಯೇ? ನನಗೇ ಕಿವಿನೋವು ಎಂದು ನಾಟಕ ಮಾಡಿ ಎಳೆದುಕೊಂಡು ಹೋದೆ. ಒಳಗೆ ಹೋದ ಮೇಲೆ, "ಡಾಕ್ಟ್ರೇ, ನನ್ನ ಕಿವಿ ಸರಿಯಾಗೋಯ್ತು, ಇವ್ರ ಮೂಗು ನೋಡಿ" ಎಂದೆ. ಅಪ್ಪ ನನ್ನನ್ನು ನೋಡಿದ ನೋಟ ಹೇಳತೀರದು.

ಡಾಕ್ಟರು ಮೂಗಿನ ಒಂದು ಹೊಳ್ಳೆಗೆ ದೀಪ ಹಿಡಿದರು. ಬೆಳಕು ಇನ್ನೊಂದು ಹೊಳ್ಳೆಯಲ್ಲಿ ಕಾಣಿಸಿತು. ನಡುವಿನ ಗೋಡೆಯಲ್ಲಿ ತೂತು ಬಿದ್ದಿದೆ ಅಮ್ಮ. ಕ್ರೋಮ್ ತೊಟ್ಟಿಯ ಮುಂದೆ ವರ್ಷಗಟ್ಟಲೆ ನಿಂತವರಿಗೆ ಹೀಗಾಗುತ್ತದಂತೆ. "ನೋವಿಲ್ವಾ?" ಎಂದು ಕೇಳಿದರು. "ನೋವೇನಿಲ್ಲ, ಆಚೆ ಈಚೆ ಗಾಳಿ ಚೆನ್ನಾಗಿ ಓಡಾಡುತ್ತೆ" ಎಂದ ಅಪ್ಪ. ಡಾಕ್ಟರಿಗೆ ನಗು ಬಂತು. ನನಗೆ ಬರಲಿಲ್ಲ.

ಹೊರಗೆ ಬಂದು ಬಹಳ ದೂರ ನಡೆದ ಮೇಲೆ, "ನಿಮ್ಮಮ್ಮಂಗೆ ಬರೀಬೇಡ" ಎಂದ. ಬರೆಯುತ್ತೇನೆ ಎಂದೆ. "ಹಂಗಾದ್ರೆ ತೂತು ಸಣ್ಣದು ಅಂತ ಬರಿ" ಎಂದ. ಸಣ್ಣದಂತೆ.

ಪೆನ್ನು ಸರಿಯಿಲ್ಲ, ಅಕ್ಷರ ಕೆಟ್ಟಿದೆ. ಬೇಸರ ಮಾಡಿಕೊಳ್ಳಬೇಡ.

ಇಂತಿ,
ಮರಿ


ಸೆಪ್ಟೆಂಬರ್ ೧೫

ಮರೀ,

ಪೆನ್ನು ಕೆಟ್ಟರೆ ಅಕ್ಷರ ಎಡಕ್ಕೆ ವಾಲುವುದಿಲ್ಲ. ನೀನು ಎಡಗೈಯಲ್ಲಿ ಬರೆದಿದ್ದೀಯ. ಬಲಗೈಗೆ ಏನಾಯಿತು? ಸುಳ್ಳು ಬರೆಯಬೇಡ, ನಾನು ನಿನಗೆ ಅಕ್ಷರ ತಿದ್ದಿಸಿದವಳು.

ಅಮ್ಮ


ಸೆಪ್ಟೆಂಬರ್ ೨೩

ಅಮ್ಮಾ,

ತೋರುಬೆರಳಿನ ಗೆಣ್ಣಿನ ಹತ್ತಿರ ಒಂದು ಹುಣ್ಣು. ಜುಲೈಯಲ್ಲಿ ಕೈಗವಸಿನ ತೂತಿನಿಂದ ತೊಟ್ಟಿಯ ನೀರು ಒಳಗೆ ಹೋಗಿತ್ತು. ಸಣ್ಣ ಗಾಯ, ವಾಸಿಯಾಗುತ್ತದೆ ಎಂದುಕೊಂಡೆ. ಆಗಲಿಲ್ಲ, ಒಳಕ್ಕೆ ಇಳಿಯಿತು. ಗುಂಡುಸೂಜಿಯ ತಲೆಯಷ್ಟಿದ್ದದ್ದು ಈಗ ಕಡಲೆಕಾಳಿನಷ್ಟಾಗಿದೆ. ಬೆರಳು ಮಡಚಲು ಆಗುವುದಿಲ್ಲ.

ನಿನ್ನ ಪತ್ರ ಅಪ್ಪನೂ ಓದಿದ. ನಾನು ಕ್ರೋಮ್ ತೊಟ್ಟಿಯ ಹತ್ತಿರ ಇದ್ದೆ. ಪತ್ರ ಕೈಯಲ್ಲೇ ಹಿಡಿದುಕೊಂಡು ಬಂದು, "ತೋರಿಸು" ಎಂದ. "ಏನಿಲ್ಲಪ್ಪ" ಎಂದೆ. "ಗ್ಲೌಸ್ ತೆಗಿ." ತೆಗೆದೆ. ಬೆರಳು ತಿರುಗಿಸಿ ನೋಡಿದ. ಆಮೇಲೆ ಹೋಗಿ ಕರೆಂಟ್ ಆರಿಸಿದ. ತೊಟ್ಟಿಯಲ್ಲಿ ನಲ್ಲಿಗಳು ಇನ್ನೂ ನೇತಾಡುತ್ತಿದ್ದವು. ನಡುವೆ ಕರೆಂಟ್ ಆರಿಸಿದರೆ ಎಲ್ಲ ಹಾಳು ಎಂದು ನನಗೆ ಕಲಿಸಿದವನೇ ಅವನು. ಹೊರಗೆ ಹೋಗಿ ಮೆಟ್ಟಿಲ ಮೇಲೆ ಕೂತ. ನಾನು ಟೀ ತೆಗೆದುಕೊಂಡು ಹೋದರೆ ಲೋಟ ಮುಟ್ಟಲಿಲ್ಲ.

ಸಂಜೆ ಒಳಗೆ ಬಂದು, "ನಿಮ್ಮಮ್ಮನ್ನ ಕೇಳು, ಆ ಹಸಿರು ನೀರಲ್ಲಿ ಪ್ಲೇಟಿಂಗ್ ಆಗುತ್ತಾ ಅಂತ" ಎಂದ. "ನೀನೇ ಕೇಳಪ್ಪ" ಎಂದೆ. "ನೀನು ಬರೀತಿದೀಯಲ್ಲ, ಹಂಗೇ ಒಂದ್ ಮಾತು ಸೇರಿಸು" ಎಂದ. ಸೇರಿಸಿದ್ದೇನೆ.

ಇಂತಿ,
ಮರಿ


ಅಕ್ಟೋಬರ್ ೪

ಮರೀ,

ನಿನ್ನ ಪತ್ರ ಓದಿ ಪೆಟ್ಟಿಗೆಗೆ ಬಟ್ಟೆ ತುಂಬಿದೆ. ರೂಮಿನ ಹುಡುಗಿ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. "ಹೋಗಿ ಏನ್ ಮಾಡ್ತೀರ ಆಂಟಿ?" ಎಂದಳು. ಅಡುಗೆ ಮಾಡುತ್ತೇನೆ, ನಿನ್ನ ಬೆರಳಿಗೆ ಔಷಧಿ ಹಚ್ಚುತ್ತೇನೆ, ಅಷ್ಟರಲ್ಲಿ ಆ ತೊಟ್ಟಿ ಮತ್ತೆ ಶುರುವಾಗುತ್ತದೆ. ಬಟ್ಟೆ ತೆಗೆದಿಟ್ಟು ಲ್ಯಾಬಿಗೆ ಹೋದೆ.

ಹಸಿರು ನೀರಲ್ಲಿ ಪ್ಲೇಟಿಂಗ್ ಆಗುತ್ತದೆ. ಇದು ನನ್ನ ಶೋಧವಲ್ಲ, ಎಷ್ಟೋ ಕಾರ್ಖಾನೆಗಳಲ್ಲಿ ನಡೆಯುತ್ತಿದೆ. ಆ ನೀರು ಕ್ರಮೇಣ ಯಾಕೆ ದಣಿಯುತ್ತದೆ, ಯಾಕೆ ಒಂದು ದಿನ ಲೋಹ ಬಿಡುವುದನ್ನು ನಿಲ್ಲಿಸುತ್ತದೆ ಎನ್ನುವುದೇ ನನ್ನ ವಿಷಯ. ಕೆಂಪು ನೀರಿನ ಕ್ರೋಮಿಯಂ ಆರು ಎಲೆಕ್ಟ್ರಾನ್ ಕಳೆದುಕೊಂಡದ್ದು. ಸಿಕ್ಕಿದ ಕಡೆಯಿಂದ ಕಿತ್ತುಕೊಳ್ಳುತ್ತದೆ, ಚರ್ಮದಿಂದಲೂ ಮೂಗಿನಿಂದಲೂ. ಹಸಿರಿನದು ಮೂರು ಮಾತ್ರ ಕಳೆದುಕೊಂಡದ್ದು, ಅಷ್ಟು ಹಸಿದಿರುವುದಿಲ್ಲ. ಹಾಗೆಂದು ಕುಡಿಯುವ ನೀರಲ್ಲ. ಕೈಗವಸು ಬೇಕು, ಫ್ಯಾನೂ ಬೇಕು.

ತೊಂದರೆ ಏನೆಂದರೆ, ಕ್ರೋಮಿಯಂ ತನ್ನ ಸುತ್ತಲಿನ ನೀರನ್ನು ಸುಲಭವಾಗಿ ಬಿಡುವುದಿಲ್ಲ. ಅದಕ್ಕೆ ಫಾರ್ಮೇಟ್ ಎಂಬ ಲವಣ ಹಾಕಿ ಬೆಚ್ಚಗೆ ಇಟ್ಟು ಒಂದು ದಿನ ಬಿಡಬೇಕು. ಫಾರ್ಮೇಟ್ ನೀರಿನ ಜಾಗ ಹಿಡಿಯುತ್ತದೆ, ಆಮೇಲೆ ಲೋಹ ನಲ್ಲಿಗೆ ಹತ್ತುತ್ತದೆ. ಬೋರಿಕ್ ಆಸಿಡ್, ಅಮೋನಿಯಂ ಕ್ಲೋರೈಡ್, ಸ್ವಲ್ಪ ಬ್ರೋಮೈಡ್ ಕೂಡ ಬೇಕು. ಬ್ರೋಮೈಡ್ ಮರೆತರೆ ಕ್ಲೋರಿನ್ ಅನಿಲ ಏಳುತ್ತದೆ, ಹಸಿರು ಮತ್ತೆ ಕೆಂಪಿಗೂ ತಿರುಗಬಹುದು. ಕರೆಂಟ್ ಹಾಯಿಸಲು ಸೀಸದ ಪಟ್ಟಿ ಬೇಡ, ಗ್ರಾಫೈಟ್ ಬೇಕು. ಯಾವುದೆಷ್ಟು ಎಂದು ಬೇರೆ ಹಾಳೆಯಲ್ಲಿ ಬರೆದಿದ್ದೇನೆ. ಮೊದಲು ಒಂದು ಬಕೆಟ್ಟಿನಲ್ಲಿ ಮಾಡಿ.

ಬಣ್ಣ ಒಂದು ಚೂರು ಕಪ್ಪಾಗಿ ಬರುತ್ತದೆ ಎಂದು ನಿಮ್ಮಪ್ಪನಿಗೆ ಮೊದಲೇ ಹೇಳಿಬಿಡು. ಆಮೇಲೆ ನನ್ನ ಮೇಲೆ ಹಾರಾಡುವುದು ಬೇಡ.

ಇಂತಿ,
ಅಮ್ಮ


ಅಕ್ಟೋಬರ್ ೨೫

ಅಮ್ಮಾ,

ಆಗಲಿಲ್ಲ.

ಎಲ್ಲ ನೀನು ಬರೆದ ಹಾಗೇ ಮಾಡಿದೆವು. ಅಪ್ಪ ತಾನೇ ತೂಕ ಮಾಡಿ ಹಾಕಿದ, ನನ್ನನ್ನು ಬಕೆಟ್ಟಿನ ಹತ್ತಿರ ಬಿಡಲಿಲ್ಲ. ನೀರು ಪಾಚಿಗಟ್ಟಿದ ಬಾವಿಯ ಹಾಗೆ ಹಸಿರಾಗಿತ್ತು. ಮೊದಲ ನಲ್ಲಿ ಹೊರಗೆ ಬಂದಾಗ ಮೈತುಂಬ ಕಪ್ಪು ಗೆರೆ. ಎರಡನೆಯದಕ್ಕೆ ಕ್ರೋಮೇ ಹತ್ತಲಿಲ್ಲ, ಒಳಗಿನ ನಿಕಲ್ ಹಳದಿಯಾಗಿ ಕಾಣುತ್ತಿತ್ತು. ಮೂರನೆಯದನ್ನು ಅಪ್ಪ ಮೂಲೆಗೆ ಬಿಸಾಡಿದ.

ನಲ್ಲಿ ಕಾರ್ಖಾನೆಯವನು ಎರಡು ಸಲ ಬಂದುಹೋದ. "ಏನ್ ಯಜಮಾನ್ರೇ, ಆಸ್ಪತ್ರೆ ಶುರುವಾದ್ಮೇಲೆ ಕೊಡ್ತೀರಾ?" ಎಂದ. ಅವನು ಹೋದ ಮೇಲೆ ಅಪ್ಪ ಕೆಂಪು ತೊಟ್ಟಿಯ ಮುಚ್ಚಳ ತೆಗೆದ. "ನೀನು ಒಳಗೆ ಬರ್ಬೇಡ, ಇದೊಂದ್ ಕೆಲ್ಸ ನಾನೇ ಮುಗಿಸ್ತೀನಿ. ನನ್ ಮೂಗಿಗೆ ಇನ್ನೇನಾಗ್ಬೇಕಿದೆ?" ಎಂದ. ನಾನು ಬಾಗಿಲಿಗೆ ಅಡ್ಡ ನಿಂತೆ. "ನೀನು ಶುರುಮಾಡಿದ್ರೆ ನಾನೂ ಕೈ ಹಾಕ್ತೀನಿ, ಬರೀಗೈ" ಎಂದೆ. ಹೆದರಿಸಲು ಹೇಳಿದ್ದು. ಅಪ್ಪ ಮುಚ್ಚಳ ಹಾಕಿದ.

ಈಗ ಇಬ್ಬರೂ ಸುಮ್ಮನೆ ಕೂತಿದ್ದೇವೆ. ಬೇಗ ಬರೆ.

ಮರಿ


ಅಕ್ಟೋಬರ್ ೩೦

ಮರೀ,

ನಲ್ಲಿ ನೇತುಹಾಕಿದ ಕೊಕ್ಕೆಗಳು ಯಾವುವು? ಹಳೆಯ ತೊಟ್ಟಿಯವೇ ಇರಬೇಕು. ಎಷ್ಟು ತೊಳೆದರೂ ಅವುಗಳ ಸಂದಿಯಲ್ಲಿ ಕೆಂಪು ನೀರು ಉಳಿದಿರುತ್ತದೆ. ಹಸಿರು ನೀರಿಗೆ ಅದು ವಿಷ. ಒಂದು ಹನಿ ಬಿದ್ದರೂ ಇಡೀ ಬಕೆಟ್ಟು ಕೆಡುತ್ತದೆ. ಇದನ್ನು ಮೊದಲೇ ಬರೆಯಬೇಕಿತ್ತು, ನನಗೆ ಹೊಳೆಯಲಿಲ್ಲ. ಮೇಡಮ್ಮಿಗೆ ಹೇಳಿದ ಕೂಡಲೇ "ಕೊಕ್ಕೆ?" ಎಂದರು. ಹೊಸ ಕೊಕ್ಕೆ, ಹೊಸ ಬಕೆಟ್ಟು, ಹೊಸ ಕೈಗವಸು. ಮತ್ತೊಮ್ಮೆ ಮಾಡಿ.

ಇನ್ನೊಂದು ವಿಷಯ. ಈ ವರ್ಷ ಮುಗಿದ ಮೇಲೆ ಬಂದುಬಿಡುತ್ತೇನೆ ಎಂದು ಹೇಳಿ ಹೊರಟಿದ್ದೆ. ಇಲ್ಲೇ ಉಳಿದು ಪಿಎಚ್‌ಡಿ ಮುಗಿಸಿ ಎಂದು ಮೇಡಂ ಕೇಳಿದರು. ಇನ್ನೂ ಎರಡು ವರ್ಷವಾದರೂ ಬೇಕು. ಒಪ್ಪಿಕೊಂಡೆ. ಮನೆಯಲ್ಲಿ ಕೇಳಿ ಹೇಳುತ್ತೇನೆ ಎನ್ನಬಹುದಿತ್ತು, ಎನ್ನಲಿಲ್ಲ.

ನಿಮ್ಮಪ್ಪನಿಗೆ ನೀನು ಹೇಳಬೇಡ. ಪತ್ರವನ್ನು ಮೇಜಿನ ಮೇಲೆ ಇಡು.

ಇಂತಿ,
ಅಮ್ಮ


ನವೆಂಬರ್ ೨೬

ಏನೆಂದು ಕರೆದು ಶುರುಮಾಡಬೇಕೋ ತಿಳಿಯದೆ ಹಾಗೆಯೇ ಶುರುಮಾಡಿದ್ದೇನೆ. ಮನೆಯಲ್ಲಿ "ಏನೇ" ಎನ್ನುತ್ತೇನೆ. ಕಾಗದದಲ್ಲಿ ಅದು ಚೆನ್ನಾಗಿ ಕಾಣುವುದಿಲ್ಲ. ಇನ್ನು ಮೇಲೆ ನಿಮ್ಮಿಬ್ಬರ ನಡುವೆ ಪೋಸ್ಟ್‌ಮ್ಯಾನ್ ಕೆಲಸ ಮಾಡಲಾರೆ ಎಂದು ಮಗಳು ಹೇಳಿದ್ದರಿಂದ ಬರೆಯುತ್ತಿದ್ದೇನೆ.

ಕೊಕ್ಕೆಯ ಮಾತು ನಿಜ. ಹೊಸ ತಾಮ್ರದ ಕೊಕ್ಕೆ ಮಾಡಿಸಿ, ಹಿಡಿಯುವ ಜಾಗ ಬಿಟ್ಟು ಉಳಿದದ್ದಕ್ಕೆ ಪ್ಲಾಸ್ಟಿಕ್ ಹೊದಿಸಿದೆ. ನೀರನ್ನು ಬೆಚ್ಚಗೆ ಇಟ್ಟು ಒಂದು ದಿನ ಬಿಟ್ಟೆ. ಮೊದಲ ನಲ್ಲಿ ಎತ್ತಿದಾಗ ತೊಳೆಯುವ ಮೊದಲೇ ಗೊತ್ತಾಯಿತು. ಹೊಳಪು ಚೆನ್ನಾಗಿದೆ. ಹಳೆಯದು ನೀಲಿಯ ಕಡೆ ಇರುತ್ತಿತ್ತು, ಇದು ಮೋಡದ ಕಡೆ ಇದೆ. ಸಾವಿರದಲ್ಲಿ ಒಬ್ಬರಿಗೆ ಕಾಣಬಹುದು. ನಲ್ಲಿ ಕಾರ್ಖಾನೆಯವನು ಆ ಒಬ್ಬ. ಬಿಸಿಲಿಗೆ ಹಿಡಿದು, "ಇದೇನ್ರೀ, ಕಪ್ಪಿದೆಯಲ್ಲ?" ಎಂದ. "ಹೌದು ಕಪ್ಪೇ. ಇನ್ಮೇಲೆ ನಮ್ಮ ಶೆಡ್ಡಲ್ಲಿ ಆಗೋದು ಇದೇ" ಎಂದೆ. ಅರ್ಧ ಕೆಲಸ ನಮಗೆ ಬಿಟ್ಟು ಅರ್ಧ ಬೇರೆ ಕಡೆ ಕೊಟ್ಟ. ಇರಲಿ.

ಹಳೆಯ ತೊಟ್ಟಿ ಖಾಲಿ ಮಾಡಿದ್ದೇನೆ. ಮಗಳು ಪುಸ್ತಕ ನೋಡಿ ಹೇಳಿದ ಹಾಗೆ ಅದಕ್ಕೆ ಬೈಸಲ್ಫೈಟ್ ಹಾಕುತ್ತ ಹೋದೆ. ಕೆಂಪು ನೀರು ನನ್ನ ಕಣ್ಣೆದುರಿಗೇ ಹಸಿರಾಯಿತು. ಆಮೇಲೆ ಸುಣ್ಣ ಹಾಕಿ ಕೆಸರು ಕೂರಿಸಿ, ಅದನ್ನು ಒಯ್ಯುವ ಲಾರಿಯವರಿಗೆ ಕೊಟ್ಟೆ. ನೀರು ದಣಿದರೆ ಏನು ಮಾಡಬೇಕೆಂದು ನೀನು ಬರೆದಿಲ್ಲ. ಬರೆ.

ಇದು ಎರಡನೆಯ ಹಾಳೆ. ಅವಳ ಬೆರಳು ಕೂಡಿಕೊಂಡಿದೆ, ಹೊಸ ಚರ್ಮ ಬಂದಿದೆ, ಮಡಚುತ್ತಾಳೆ. ನನ್ನ ಮೂಗಿನದು ಮುಚ್ಚುವುದಿಲ್ಲವಂತೆ, ದೊಡ್ಡದೂ ಆಗುವುದಿಲ್ಲವಂತೆ.

ನೀನು ಎರಡು ವರ್ಷ ಎಂದು ಬರೆದದ್ದನ್ನು ಓದಿದೆ. "ಏನ್ ಹೇಳ್ತೀಯಪ್ಪ?" ಎಂದು ಮಗಳು ಕೇಳಿದಳು. ಹೇಳುವುದೇನಿದೆ, ಕೆಲಸ ಅರ್ಧಕ್ಕೆ ಬಿಡಬಾರದು ಎಂದೆ. ಆಮೇಲೆ ಶೆಡ್ಡಿಗೆ ಹೋಗಿ ಸ್ವಲ್ಪ ಹೊತ್ತು ಕೂತೆ. ಕೆಲಸ ಮುಗಿದಿತ್ತು, ಯಾವ ಯಂತ್ರವೂ ಓಡುತ್ತಿರಲಿಲ್ಲ. ಎರಡು ವರ್ಷ ದೊಡ್ಡದೇ. ನಾನು ಬೇಡವೆಂದು ಹೇಳುತ್ತಿಲ್ಲ. ದೊಡ್ಡದು ಎಂದಷ್ಟೇ ಹೇಳುತ್ತಿದ್ದೇನೆ.

ಭಾನುವಾರ ನಮಗೆ ರಜೆ. ನಿಮ್ಮ ಹಾಸ್ಟೆಲಿನಲ್ಲಿ ಗಂಡಸರನ್ನು ಒಳಗೆ ಬಿಡುವುದಿಲ್ಲವಂತೆ. ಗೇಟಿನ ಹತ್ತಿರ ಕೂರಲು ಏನಾದರೂ ಇದೆಯೇ?

ಇಂತಿ,
ನಿನ್ನ ಗಂಡ


ಡಿಸೆಂಬರ್ ೨

ನಿಮಗೆ,

ಗೇಟಿನ ಹತ್ತಿರ ಒಂದು ಕಲ್ಲುಬೆಂಚಿದೆ. ಹತ್ತು ಗಂಟೆಯ ಹೊತ್ತಿಗೆ ಬಂದರೆ ಅದರ ಮೇಲೆ ಮರದ ನೆರಳಿರುತ್ತದೆ.

ನಿಮ್ಮ ಪತ್ರವನ್ನು ಲ್ಯಾಬಿಗೆ ಒಯ್ದಿದ್ದೆ. ಕೊಕ್ಕೆ, ಬಣ್ಣ, ತೊಟ್ಟಿ ಎಲ್ಲ ಇರುವ ಮೊದಲ ಹಾಳೆಯನ್ನು ಮೇಡಂ ಕೂತು ಓದಿದರು. ಫೈಲಿನಲ್ಲಿ ಇಟ್ಟುಕೊಳ್ಳಲೇ ಎಂದರು, ಇಟ್ಟುಕೊಳ್ಳಿ ಎಂದೆ. ಆಮೇಲೆ ನನ್ನ ಕೈಯಲ್ಲಿದ್ದ ಇನ್ನೊಂದು ಹಾಳೆ ನೋಡಿ, "ಅದರಲ್ಲೇನಿದೆ, ಕೊಡಿ" ಎಂದು ಕೈ ಚಾಚಿದರು.

"ಇದು ನಂದು ಮೇಡಂ" ಎಂದೆ.

ಇಂತಿ,
ನಿಮ್ಮವಳು